ತಪ್ಪೆಲ್ಲ ತಿದ್ದಿದ ಮೇಲೂ ಅರ್ಥವಾಗದ ಬರಹ: ಹೋಂಸ್ಕೂಲಿಂಗ್‌ನ ಒಂದು ಪ್ರಕರಣ

ಶಾಲೆಗೆ ಹೋಗದೆ ಮನೆಯಲ್ಲೇ ಓದುತ್ತಿದ್ದ ಹನ್ನೊಂದು ವರ್ಷದ ಹುಡುಗನೊಬ್ಬನ ಬರವಣಿಗೆಯನ್ನು ಅಳೆದು, ಅದನ್ನು ಸುಧಾರಿಸಲು ಸುಮಾರು ಒಂದು ವರ್ಷ ನಡೆದ ಪ್ರಯತ್ನದ ವಿವರ ಇದು. ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ಬರಹದ ಮಾದರಿಗಳನ್ನು ಮಾತ್ರ ಹುಡುಗ ಬರೆದಂತೆಯೇ ಉಳಿಸಿದ್ದೇನೆ. ಪಾಠ ಮಾಡಿದವರು ತಂದೆ ತಾಯಿ. ನಾನು ಅವರು ಕರೆಸಿಕೊಂಡ ಹೊರಗಿನ ಮೌಲ್ಯಮಾಪಕ.

ಹಿನ್ನೆಲೆ

ಹುಡುಗ ಓದು ಕಲಿತದ್ದು ಬೇಗ. ಎಂಟನೆಯ ವಯಸ್ಸಿಗೆಲ್ಲ ದಪ್ಪ ಪುಸ್ತಕ ಹಿಡಿದು ಮೂಲೆ ಸೇರುತ್ತಿದ್ದನಂತೆ. ಮಾತಿನಲ್ಲಿಯೂ ಚುರುಕು. ಮೊದಲ ಭೇಟಿಯಲ್ಲಿ ನಾನು ಕೇಳದಿದ್ದರೂ ಜ್ವಾಲಾಮುಖಿಗಳ ವಿಧಗಳನ್ನೆಲ್ಲ ವಿವರಿಸಿದ. ಬರೆಯಲು ಕೂರಿಸಿದರೆ ಮಾತ್ರ ಐದಾರು ವಾಕ್ಯಕ್ಕೆ ಪೆನ್ಸಿಲ್ ಕೆಳಗಿಟ್ಟು "ಮುಗಿಯಿತು" ಎನ್ನುತ್ತಿದ್ದ. ಇನ್ನೂ ಬರೆ ಎಂದರೆ ಕೊನೆಯ ವಾಕ್ಯವನ್ನೇ ತುಸು ತಿರುಚಿ ಮತ್ತೊಮ್ಮೆ ಬರೆಯುತ್ತಿದ್ದ.

ಭಾಷೆ ಮತ್ತು ಸಮಾಜ ವಿಜ್ಞಾನ ತಾಯಿಯ ಪಾಲಿಗೆ, ಗಣಿತ ಮತ್ತು ವಿಜ್ಞಾನ ತಂದೆಯ ಪಾಲಿಗೆ ಹಂಚಿಕೆಯಾಗಿತ್ತು. ಈ ಮನೆಯ ಒಂದು ಅಭ್ಯಾಸ ನಮಗೆ ಬಹಳ ಉಪಯೋಗಕ್ಕೆ ಬಂತು. ಅವರು ಯಾವ ನೋಟ್‌ಬುಕ್ಕನ್ನೂ ಎಸೆದಿರಲಿಲ್ಲ. ಪ್ರತಿ ಪುಟದ ಮೇಲೂ ದಿನಾಂಕವಿತ್ತು. ತಿರುವಿ ನೋಡಿದರೆ ಹುಡುಗನ ಪೆನ್ಸಿಲ್‌ಗಿಂತ ತಾಯಿಯ ಕೆಂಪು ಶಾಯಿಯೇ ಹೆಚ್ಚು ಕಾಣುತ್ತಿತ್ತು. ಬಿಟ್ಟುಹೋದ ಒತ್ತಕ್ಷರ, ಹ್ರಸ್ವವಾದ ದೀರ್ಘ, ಅಲ್ಪಪ್ರಾಣವಾದ ಮಹಾಪ್ರಾಣ, ಒಂದನ್ನೂ ಬಿಡದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದರು. ಪುಟದ ಕೊನೆಗೆ ಒಂದೇ ಷರಾ: "ಚೆನ್ನಾಗಿದೆ. ಕಾಗುಣಿತ ಗಮನಿಸು." ಎರಡು ವರ್ಷದ ನೋಟ್‌ಬುಕ್ಕುಗಳಲ್ಲಿ ಷರಾ ಬದಲಾಗಿರಲಿಲ್ಲ. ತಪ್ಪುಗಳೂ ಬದಲಾಗಿರಲಿಲ್ಲ.

ನನ್ನನ್ನು ಕರೆಸಿದ್ದಕ್ಕೆ ಕಾರಣ ಮುಂದಿನ ಪರೀಕ್ಷೆಯ ಚಿಂತೆ. ಮನೆಯಲ್ಲಿ ಓದಿದ ಮಗುವೂ ಒಂದು ದಿನ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷಾ ಕೊಠಡಿಯಲ್ಲಿ ಗಂಟೆಗಟ್ಟಲೆ ಬರೆಯಬೇಕು. ಐದು ವಾಕ್ಯಕ್ಕೆ ಕೈ ಸೋಲುವ ಹುಡುಗ ಅಲ್ಲಿ ಏನು ಮಾಡಿಯಾನು?

ಸಮಸ್ಯೆ ಏನೆಂಬುದರ ಬಗ್ಗೆ ಮನೆಯಲ್ಲೇ ಒಮ್ಮತವಿರಲಿಲ್ಲ. ತಾಯಿಯ ಪ್ರಕಾರ ಸೋಮಾರಿತನ. ತಂದೆಯ ಪ್ರಕಾರ ಸಮಸ್ಯೆಯೇ ಇಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಕಲಿಸಿದರೆ ಸಾಕು. ಶಿಕ್ಷಕಿಯಾಗಿದ್ದ ಬಂಧುವೊಬ್ಬರು ಡಿಸ್‌ಗ್ರಾಫಿಯಾ ಇರಬಹುದೆಂದು ಹೇಳಿ ಹೋಗಿದ್ದರು. ಬರವಣಿಗೆಯ ಕಲಿಕಾ ನ್ಯೂನತೆ ಇದೆಯೇ ಇಲ್ಲವೇ ಎಂದು ಮನೆಯವರಾಗಲಿ ನನ್ನಂಥವರಾಗಲಿ ತೀರ್ಮಾನಿಸುವಂತಿಲ್ಲ. ಆದ್ದರಿಂದ ಮೊದಲು ತಜ್ಞರಿಗೆ ತೋರಿಸಿದರು. ನ್ಯೂನತೆಯ ಲಕ್ಷಣಗಳಿಲ್ಲ, ಕೈಬರಹದ ಅಭ್ಯಾಸ ಸಾಲದು ಎಂಬ ವರದಿ ಬಂತು.

ಒಂದೇ ಬರಹ, ಮೂರು ಅಂಕ

ಮೊದಲ ತೀರ್ಮಾನ: ಸದ್ಯಕ್ಕೆ ಹೊಸದಾಗಿ ಏನನ್ನೂ ಕಲಿಸುವುದು ಬೇಡ. ಎಲ್ಲಿ ಎಡವುತ್ತಿದ್ದಾನೆ ಎಂದು ಗೊತ್ತಾಗುವವರೆಗೆ ಕಲಿಸುವುದೆಲ್ಲ ಕುರುಡುಗುರಿ. ತಾಯಿಗೆ ಇದು ಹಿಡಿಸಲಿಲ್ಲ. "ಕಾಲ ವ್ಯರ್ಥವಾಗುವುದಿಲ್ಲವೇ?" ಎಂದು ಕೇಳಿದರು. ಎರಡು ವರ್ಷದ ಕೆಂಪು ಶಾಯಿಯನ್ನು ತೋರಿಸಿದ ಮೇಲೆ ಒಪ್ಪಿದರು.

ಹಳೆಯ ನೋಟ್‌ಬುಕ್ಕುಗಳಿಂದ ಕೆಲವು ಬರಹಗಳನ್ನು ಆರಿಸಿ, ಹುಡುಗನ ತಪ್ಪುಗಳನ್ನು ಹಾಗೆಯೇ ಇಟ್ಟು ಟೈಪ್ ಮಾಡಿಸಿದೆವು. ಹೀಗೆ ಮಾಡಿದ್ದು ಕೈಬರಹದ ಪ್ರಭಾವ ತಪ್ಪಿಸಲು. ಅಕ್ಷರ ದುಂಡಾಗಿದ್ದರೆ ವಿಚಾರಕ್ಕೂ ಹೆಚ್ಚು ಅಂಕ ಬೀಳುತ್ತದೆ, ಕೆಟ್ಟದಾಗಿದ್ದರೆ ಒಳ್ಳೆಯ ವಿಚಾರವೂ ಮಂಕಾಗುತ್ತದೆ. ಉತ್ತರ ಪತ್ರಿಕೆ ತಿದ್ದಿದ ಯಾರಿಗೂ ಇದು ಗೊತ್ತು. ನಂತರ ತಾಯಿ, ತಂದೆ ಮತ್ತು ಹುಡುಗನ ಪರಿಚಯವಿಲ್ಲದ ಒಬ್ಬ ಭಾಷಾ ಶಿಕ್ಷಕರು ಬೇರೆ ಬೇರೆಯಾಗಿ ಹತ್ತಕ್ಕೆ ಅಂಕ ಕೊಟ್ಟರು. ಮಳೆಗಾಲದ ಬಗ್ಗೆ ಬರೆದ ಒಂದೇ ಪುಟಕ್ಕೆ ತಾಯಿ 4, ತಂದೆ 8, ಶಿಕ್ಷಕರು 6 ಕೊಟ್ಟಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಇಲ್ಲಿ ಹೆತ್ತವರಿಬ್ಬರಲ್ಲಿ ಒಬ್ಬರಿಗೆ ಮಾತ್ರ ಮುದ್ದು!

ದಂಪತಿ ಗಾಬರಿಯಾದರು. ಗಾಬರಿಯಾಗಬೇಕಾದ್ದೇನೂ ಇರಲಿಲ್ಲ. 1961ರಲ್ಲಿ ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್‌ನ ಪಾಲ್ ಡೀಡರಿಕ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ 300 ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಗಳ 53 ಮಂದಿಗೆ ಕೊಟ್ಟು, ಒಂಬತ್ತು ಶ್ರೇಣಿಗಳಲ್ಲಿ ವಿಂಗಡಿಸಲು ಹೇಳಿದ್ದರು. ಶೇಕಡಾ 94ರಷ್ಟು ಪ್ರಬಂಧಗಳಿಗೆ ಏಳು ಅಥವಾ ಅದಕ್ಕಿಂತ ಹೆಚ್ಚು ಬೇರೆ ಬೇರೆ ಶ್ರೇಣಿಗಳು ಬಂದವು. ಓದುಗರು ಒಂದೇ ಬರಹದಲ್ಲಿ ಬೇರೆ ಬೇರೆ ಗುಣಗಳನ್ನು ನೋಡುತ್ತಿದ್ದರು. ಕೆಲವರು ವಿಚಾರಕ್ಕೆ ತೂಕ ಕೊಟ್ಟರೆ ಕೆಲವರು ಕಾಗುಣಿತಕ್ಕೆ, ಇನ್ನು ಕೆಲವರು ಜೋಡಣೆಗೆ. ನಮ್ಮ ಮನೆಯಲ್ಲೂ ಅದೇ ಆಗಿತ್ತು. ತಾಯಿ ತಪ್ಪು ಎಣಿಸಿದ್ದರು, ತಂದೆ ಮಗನ ತಲೆಯಲ್ಲಿದ್ದ ವಿಚಾರಕ್ಕೆ ಅಂಕ ಕೊಟ್ಟಿದ್ದರು. ಪುಟದ ಮೇಲೆ ಏನಿತ್ತು ಎಂಬುದನ್ನು ನೋಡಿದವರು ಹೊರಗಿನ ಶಿಕ್ಷಕರು ಮಾತ್ರ. ಅವರು ಅಂಕದ ಪಕ್ಕದಲ್ಲಿ ಬರೆದಿದ್ದ ಸಾಲು: "ಎರಡನೆಯ ವಾಕ್ಯದಿಂದ ಮೂರನೆಯದಕ್ಕೆ ಹೇಗೆ ಬಂದ ಎಂದು ತಿಳಿಯಲಿಲ್ಲ." ಆ ಸಾಲಿನ ತೂಕ ಆ ಹೊತ್ತಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಕೈಯದೋ, ತಲೆಯದೋ

ಬರವಣಿಗೆಯಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು, ಹೇಳಬೇಕಾದದ್ದನ್ನು ಹುಡುಕಿ ವಾಕ್ಯವಾಗಿಸುವುದು. ಇನ್ನೊಂದು, ಆ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಕಾಗದಕ್ಕಿಳಿಸುವುದು. ಮನಸ್ಸು ಒಂದೇ ಸಮಯಕ್ಕೆ ಹಿಡಿದಿಟ್ಟುಕೊಳ್ಳಬಲ್ಲದ್ದು ಸ್ವಲ್ಪವೇ. ಕೈಬರಹ, ಕಾಗುಣಿತಗಳು ಅಭ್ಯಾಸಬಲದಿಂದ ತಾವಾಗಿಯೇ ಬರುವಂತಾಗದಿದ್ದರೆ ಅವೇ ಗಮನವನ್ನೆಲ್ಲ ನುಂಗಿ, ವಿಚಾರಕ್ಕೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಈ ಎರಡನ್ನೂ ಬಿಡಿಸಿ ಅಳೆಯಬೇಕಿತ್ತು.

ಕೈಯನ್ನು ಅಳೆಯುವುದು ಸುಲಭ. ಹುಡುಗನಿಗೆ ಚೆನ್ನಾಗಿ ಗೊತ್ತಿರುವ ಒಂದು ಪ್ಯಾರಾ ಕೊಟ್ಟು ಮೂರು ನಿಮಿಷ ನಕಲು ಮಾಡಲು ಹೇಳಿದೆವು. ಪಕ್ಕದಲ್ಲಿ ಕುಳಿತು ನೋಡಿದಾಗ ಕಂಡದ್ದು ಅಂಕಿಯಲ್ಲಿ ಸಿಗುವಂಥದ್ದಲ್ಲ. ಮೂಲ ಅಕ್ಷರ ಬರೆದು ಕೈ ಎತ್ತುತ್ತಿದ್ದ, ಪಠ್ಯ ನೋಡುತ್ತಿದ್ದ, ಮರಳಿ ಬಂದು ಒತ್ತು ಹಾಕುತ್ತಿದ್ದ. ಸರಾಗವಾಗಿ ಸಾಗುತ್ತಿದ್ದ ಸಾಲು ಪ್ರತಿ ಒತ್ತಕ್ಷರದ ಬಳಿಯೂ ನಿಲ್ಲುತ್ತಿತ್ತು. ತಾನೇ ಯೋಚಿಸಿ ಬರೆಯುವಾಗ ವಿಚಾರ ಮುಂದೋಡಿ, ಮರಳಿ ಬಂದು ಹಾಕಬೇಕಾದ ಒತ್ತು ಅಲ್ಲೇ ಉಳಿದುಬಿಡುತ್ತಿತ್ತು. ಒತ್ತಕ್ಷರ ಬಿಡುವುದು ಅಜ್ಞಾನದಿಂದ ಅಲ್ಲ ಎಂಬುದು ಆಗ ಸ್ಪಷ್ಟವಾಯಿತು. ಉಕ್ತಲೇಖನದಲ್ಲಿ, ಅಂದರೆ ಒಂದೊಂದೇ ಪದ ಹೇಳಿ ಬರೆಸಿದಾಗ, ಅವೇ ಪದಗಳನ್ನು ಸರಿಯಾಗಿ ಬರೆಯುತ್ತಿದ್ದ.

ವಾರಕ್ಕೊಮ್ಮೆ ಪ್ರಗತಿ ನೋಡಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಡೆನೊ ಮತ್ತು ಸಹೋದ್ಯೋಗಿಗಳು ರೂಪಿಸಿದ ಸರಳ ವಿಧಾನವೊಂದನ್ನು ಬಳಸಿಕೊಂಡೆವು. ಕಥೆಯ ಒಂದು ಆರಂಭದ ಸಾಲು ಕೊಟ್ಟು, ಸ್ವಲ್ಪ ಹೊತ್ತು ಯೋಚಿಸಲು ಬಿಟ್ಟು, ಮೂರು ನಿಮಿಷ ಬರೆಸುವುದು. ಎಷ್ಟು ಪದ ಬರೆದಿದ್ದಾನೆ, ಎಷ್ಟು ಸರಿಯಾಗಿವೆ ಎಂದು ಎಣಿಸುವುದು. ಅದನ್ನು ಇದ್ದಂತೆ ಕನ್ನಡಕ್ಕೆ ತರಲಾಗುವುದಿಲ್ಲ. "ಹೋಗಬೇಕಾಗಿರುವುದರಿಂದ" ಎಂದು ಬರೆದ ಮಗುವಿಗೂ "ಅವನು ಹೋದ" ಎಂದು ಬರೆದ ಮಗುವಿಗೂ ಪದಗಳನ್ನು ಎಣಿಸಿದರೆ ಮೊದಲನೆಯವನೇ ಹಿಂದೆ ಬೀಳುತ್ತಾನೆ. ನಾವು ಪದದ ಬದಲು ಅಕ್ಷರ ಎಣಿಸಿದೆವು. ಬೇರೆ ಮಕ್ಕಳ ಜತೆ ಹೋಲಿಸುವ ಗೋಜಿಗೆ ಹೋಗದೆ ಹುಡುಗನ ಹಿಂದಿನ ವಾರದ ಬರಹದೊಂದಿಗಷ್ಟೇ ಹೋಲಿಸಿದೆವು. ಮನೆಯಲ್ಲಿ ಒಂದೇ ಮಗು ಓದುತ್ತಿರುವಾಗ ಇದಕ್ಕಿಂತ ಹೆಚ್ಚಿನ ಹೋಲಿಕೆ ಬೇಕಾಗುವುದೂ ಇಲ್ಲ.

ತಲೆಯನ್ನು ಅಳೆಯಲು ಅವನಿಗೆ ಕರಗತವಾದ ವಿಷಯವೇ ಬೇಕಿತ್ತು. ಸೈಕಲ್ಲಿನ ಚೈನು ಕಳಚಿದರೆ ತಾನೇ ಹಾಕಿಕೊಳ್ಳುತ್ತಿದ್ದ. ಅದನ್ನೇ ಮೊದಲು ಬಾಯಲ್ಲಿ ಹೇಳಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆವು, ಮರುದಿನ ಬರೆಸಿದೆವು. ಹೇಳುವಾಗ ಏನನ್ನೂ ಬಿಡಲಿಲ್ಲ: ಮೊದಲು ಸ್ಟ್ಯಾಂಡ್ ಹಾಕಬೇಕು, ಚೈನನ್ನು ಹಿಂದಿನ ಹಲ್ಲುಚಕ್ರಕ್ಕೆ ಕೂರಿಸಬೇಕು, ಮುಂದಿನದಕ್ಕೆ ಪೂರ್ತಿ ಹಾಕಲು ಹೋಗದೆ ಮೇಲಿನ ನಾಲ್ಕೈದು ಹಲ್ಲುಗಳಿಗೆ ಸಿಕ್ಕಿಸಿ ಪೆಡಲನ್ನು ಕೈಯಿಂದ ನಿಧಾನವಾಗಿ ಮುಂದಕ್ಕೆ ತಿರುಗಿಸಿದರೆ ಉಳಿದದ್ದು ತಾನಾಗಿಯೇ ಹತ್ತಿಕೊಳ್ಳುತ್ತದೆ, ಬೆರಳನ್ನು ಚೈನಿನ ಹತ್ತಿರ ಇಡಬಾರದು. ಬರೆದದ್ದು ಇಷ್ಟು:

"ಸೈಕಲ್ ಚೈನ್ ಬಿದರೆ ಹಾಕಬೇಕು. ಮೊದಲು ಅದನ್ನು ಹಿಂದೆ ಹಾಕಬೇಕು. ಆಮೇಲೆ ಮುಂದೆ ಹಾಕಿ ತಿರುಗಿಸಬೇಕು. ಆಗ ಅದು ಕೂರುತದೆ. ಕೈ ಕೊಳೆ ಆಗುತದೆ."

ತಾಯಿ ರೂಢಿಯಂತೆ ಮೂರು ಒತ್ತಕ್ಷರಗಳನ್ನು ತಿದ್ದಿದರು. ತಿದ್ದಿದ ಮೇಲೆ ಬರಹದಲ್ಲಿ ವ್ಯಾಕರಣದ ತಪ್ಪು ಒಂದೂ ಉಳಿಯಲಿಲ್ಲ. ಅದನ್ನು ಓದಿ ಚೈನು ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ, ಅಷ್ಟೇ.

ತಿರುವು

ರಜೆಗೆಂದು ಹುಡುಗನ ಚಿಕ್ಕಪ್ಪನ ಮಗಳು ಬಂದಿದ್ದಳು. ವಯಸ್ಸು ಹದಿನಾಲ್ಕು, ಸೈಕಲ್ ರಿಪೇರಿಯ ಗಂಧಗಾಳಿ ಇರಲಿಲ್ಲ. ಚೈನನ್ನು ಬೇಕೆಂದೇ ಕಳಚಿ, ಆ ಐದು ವಾಕ್ಯಗಳ ಹಾಳೆಯನ್ನು ಅವಳ ಕೈಗೆ ಕೊಟ್ಟೆವು. ಷರತ್ತು ಒಂದೇ: ಹಾಳೆಯಲ್ಲಿ ಇರುವುದನ್ನಷ್ಟೇ ಮಾಡಬೇಕು. ಮನೆಯವರು ಯಾರೂ ಬಾಯಿ ಬಿಡಬಾರದು.

"ಅದನ್ನು ಹಿಂದೆ ಹಾಕಬೇಕು" ಎಂದು ಓದಿದ ಅವಳು ಚೈನಿನ ಒಂದು ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಸೈಕಲ್ಲಿನ ಹಿಂಭಾಗದಲ್ಲೆಲ್ಲ ಜಾಗ ಹುಡುಕತೊಡಗಿದಳು. ತಾಯಿಗೆ ತಡೆಯಲಾಗಲಿಲ್ಲ. "ಹಿಂದಿನ ಚಕ್ರಕ್ಕಮ್ಮಾ, ಚಕ್ರದ ಹಲ್ಲಿಗೆ!" ಎಂದುಬಿಟ್ಟರು.

"ದೊಡ್ಡಮ್ಮ, ಇಲ್ಲಿ ಹಾಗೆ ಬರೆದಿಲ್ಲವಲ್ಲ" ಎಂದಳು ಹುಡುಗಿ.

"ತಿರುಗಿಸಬೇಕು" ಎಂಬಲ್ಲಿಗೆ ಬಂದಾಗ ಅವಳು ಕೀಟಲೆಗೆ ಹ್ಯಾಂಡಲನ್ನೇ ಒಂದು ಸುತ್ತು ತಿರುಗಿಸಿದಳು. ಹುಡುಗ ಮೊದಲು ನಕ್ಕ, ಆಮೇಲೆ ಸಿಟ್ಟಾದ, ಕೊನೆಗೆ ಅಕ್ಕನ ಕೈಯಿಂದ ಹಾಳೆ ಕಿತ್ತುಕೊಂಡು "ಪೆಡಲನ್ನು" ಎಂದು ಸಾಲಿನ ನಡುವೆ ಬರೆದು ಹಿಂದಿರುಗಿಸಿದ. ಯಾರೂ ಹೇಳದೆ ತನ್ನ ಬರಹವನ್ನು ತಾನೇ ತಿದ್ದಿದ್ದು ಅದೇ ಮೊದಲು ಎಂದು ತಾಯಿ ನಂತರ ನೆನಪಿಸಿಕೊಂಡರು.

ನನ್ನ ದೃಷ್ಟಿಯಲ್ಲಿ ಅಂದು ಹೆಚ್ಚು ಮುಖ್ಯವಾದದ್ದು ತಾಯಿಯ ಆ ಉದ್ಗಾರ. ಅವರು ಎರಡು ವರ್ಷ ಮಗನ ಬರಹಗಳನ್ನು ಓದುತ್ತಲೇ ಅದರಲ್ಲಿ ಬಿಟ್ಟುಹೋದದ್ದನ್ನೆಲ್ಲ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದರು. ಅವನು ಎಲ್ಲಿಗೆ ಹೋಗಿದ್ದ, ಏನು ನೋಡಿದ್ದ, ಯಾವ ಪುಸ್ತಕ ಓದಿದ್ದ ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತು. ಅರ್ಥವಾಗದ ಜಾಗವೇ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕಣ್ಣಿಗೆ ಬೀಳುತ್ತಿದ್ದದ್ದು ಒತ್ತಕ್ಷರ ಮಾತ್ರ. ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರಿಗೆ ಒಂದೊಂದು ಮಗುವಿನ ದಿನಚರಿ ತಿಳಿದಿರುವುದಿಲ್ಲ. ಅಲ್ಲಿನ ಮಗು ತನ್ನನ್ನು ಅಷ್ಟಾಗಿ ಅರಿಯದವರಿಗಾಗಿ ಬರೆಯುತ್ತದೆ. ಮನೆಶಾಲೆಯ ಬಹುದೊಡ್ಡ ಅನುಕೂಲವಾದ ಆ ಆಪ್ತತೆ, ಬರವಣಿಗೆಯ ಮೌಲ್ಯಮಾಪನಕ್ಕೆ ಬಂದಾಗ ಮಾತ್ರ ಅಡ್ಡಗಾಲು ಹಾಕಿತ್ತು. ಹುಡುಗ ಸೋಮಾರಿಯಾಗಿರಲಿಲ್ಲ. ಹೆಚ್ಚು ಬರೆಯುವ ಅಗತ್ಯವೇ ಅವನಿಗೆ ಬಂದಿರಲಿಲ್ಲ.

ಮಾಡಿ ನೋಡಿದ್ದು

ಸಮಸ್ಯೆ ಎರಡಾಯಿತು: ನಿಧಾನದ ಕೈ, ಕಣ್ಮುಂದೆ ಇಲ್ಲದ ಓದುಗ. ಎರಡಕ್ಕೂ ಬೇರೆ ಬೇರೆ ಹೊತ್ತು ಗೊತ್ತುಮಾಡಿದೆವು. ಕೈಗೆ ದಿನಕ್ಕೆ ಹತ್ತು ಹದಿನೈದು ನಿಮಿಷ, ಬರೀ ನಕಲು ಮತ್ತು ಉಕ್ತಲೇಖನ, ಒತ್ತಕ್ಷರಗಳು ಮತ್ತೆ ಮತ್ತೆ ಬರುವ ಸಾಲುಗಳು. ಅಲ್ಲಿ ವಿಚಾರದ ಮಾತಿಲ್ಲ. ಸ್ವಂತ ಬರವಣಿಗೆಯ ಹೊತ್ತಿನಲ್ಲಿ ಕಾಗುಣಿತದ ಮಾತಿಲ್ಲ.

ಈ ಎರಡನೆಯ ನಿಯಮಕ್ಕೆ ತಾಯಿಯಿಂದ ಬಲವಾದ ವಿರೋಧ ಬಂತು. ತಪ್ಪನ್ನು ತಿದ್ದದೆ ಬಿಟ್ಟರೆ ಅದೇ ಗಟ್ಟಿಯಾಗುವುದಿಲ್ಲವೇ ಎಂಬುದು ಅವರ ಆತಂಕ. ಅದು ಸುಮ್ಮನೆ ತಳ್ಳಿಹಾಕುವಂಥ ಆತಂಕವಲ್ಲ. ಒಂದು ಒಪ್ಪಂದಕ್ಕೆ ಬಂದೆವು. ಮೊದಲ ಕರಡಿನ ಮೇಲೆ ಕೆಂಪು ಶಾಯಿ ಬೇಡ. ವಿಷಯ ಸರಿಯಾಗಿ, ಕೊನೆಯ ಪ್ರತಿ ಮಾಡುವ ಮೊದಲು ಒಂದು ಬಗೆಯ ತಪ್ಪನ್ನು ಮಾತ್ರ ಹುಡುಗನೇ ಹುಡುಕಬೇಕು: ಈ ತಿಂಗಳು ಒತ್ತಕ್ಷರ, ಮುಂದಿನ ತಿಂಗಳು ದೀರ್ಘ. ಉಳಿದವನ್ನು ತಾಯಿ ಒಂದು ಪ್ರತ್ಯೇಕ ಪುಸ್ತಕದಲ್ಲಿ ಪಟ್ಟಿ ಮಾಡಿಟ್ಟುಕೊಂಡರು. ಆ ಪಟ್ಟಿ ಬೆಳೆಯುತ್ತಿದ್ದುದು ಅವರ ಮನಸ್ಸಿಗೆ ಒಂದಷ್ಟು ಸಮಾಧಾನ ಕೊಟ್ಟಿತು.

ಸಂಧಿ, ಸಮಾಸ, ವಿಭಕ್ತಿಗಳ ಅಭ್ಯಾಸ ಪುಸ್ತಕವನ್ನು ಬರವಣಿಗೆಯ ತರಗತಿಯಿಂದ ಹೊರಗಿಟ್ಟೆವು. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ನಾಲ್ಕರಿಂದ ಹನ್ನೆರಡನೆಯ ತರಗತಿಯವರೆಗಿನ ಬರವಣಿಗೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಯೋಜಿಸಿ ಬರೆದು ತಿದ್ದುವ ಕ್ರಮವನ್ನು ನೇರವಾಗಿ ಕಲಿಸುವುದು ಅತ್ಯಂತ ಪರಿಣಾಮಕಾರಿಯಾದವುಗಳಲ್ಲಿ ಒಂದಾಗಿ ಕಂಡಿತ್ತು. ಬರಹದಿಂದ ಬೇರ್ಪಡಿಸಿ ಕಲಿಸಿದ ವ್ಯಾಕರಣದ ಪರಿಣಾಮ ಸೊನ್ನೆಗಿಂತ ಕೆಳಗಿತ್ತು. ಕನ್ನಡ ವ್ಯಾಕರಣವನ್ನು ಕಲಿಯಲೇಬಾರದು ಎಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಈ ಹುಡುಗ ಸವರ್ಣದೀರ್ಘ ಸಂಧಿಯನ್ನು ತಪ್ಪಿಲ್ಲದೆ ಬಿಡಿಸುತ್ತಿದ್ದ. ಆ ಜಾಣ್ಮೆ ಅವನ ವಾಕ್ಯಗಳಿಗೆ ಇಳಿದಿರಲಿಲ್ಲ, ಅಷ್ಟೇ.

ವ್ಯಾಕರಣದ ಜಾಗದಲ್ಲಿ ವಾಕ್ಯ ಜೋಡಣೆ ಬಂತು. ಅವನದೇ ಹಳೆಯ ಬರಹದಿಂದ ತೆಗೆದ ಮೂರು ಚಿಕ್ಕ ವಾಕ್ಯಗಳನ್ನು ಒಂದಾಗಿಸುವುದು. "ನಿನ್ನೆ ಒಂದು ಹಕ್ಕಿ ಬಂತು. ಅದಕ್ಕೆ ಉದ್ದ ಬಾಲ ಇತ್ತು. ಅದು ತಂತಿಯ ಮೇಲೆ ಕೂತಿತು" ಎಂಬುದು "ನಿನ್ನೆ ಬಂದ ಉದ್ದ ಬಾಲದ ಹಕ್ಕಿ ತಂತಿಯ ಮೇಲೆ ಕೂತಿತು" ಎಂದಾಯಿತು. ಇದು ಅವನಿಗೆ ಆಟದಂತೆ ಹಿಡಿಸಿತು. ಹಿಡಿಸಿದ್ದು ಅತಿಯಾಗಿ, ಒಂದು ತಿಂಗಳಲ್ಲಿ "ಎದ್ದು, ಹಲ್ಲುಜ್ಜಿ, ಸೈಕಲ್ ತೆಗೆದು, ಗಾಳಿ ನೋಡಿ, ಬೀದಿಗೆ ಬಂದು" ಎಂದು ಪುಟದ ತುದಿಯವರೆಗೆ ಪೂರ್ಣವಿರಾಮವೇ ಇಲ್ಲದ ಸವಾರಿ ಹೊರಟ. ಆಮೇಲೆ ಉದ್ದ ವಾಕ್ಯವನ್ನು ಒಡೆಯುವುದನ್ನೂ ಹೇಳಿಕೊಡಬೇಕಾಯಿತು.

ಕೆಟ್ಟು ಹೋದ ಪ್ರಯತ್ನವೆಂದರೆ ಅಂಕಪಟ್ಟಿಯದು. ವಿಚಾರ, ಜೋಡಣೆ, ಧಾಟಿ, ಪದಬಳಕೆ, ವಾಕ್ಯರಚನೆ, ಶುದ್ಧತೆ ಎಂದು ಆರು ಸಾಲುಗಳ ಮಾನದಂಡ ಪಟ್ಟಿಯೊಂದನ್ನು ತಯಾರಿಸಿ ಗೋಡೆಗೆ ಅಂಟಿಸಿದ್ದರು. ಪ್ರತಿ ಸಾಲಿಗೂ ಒಂದರಿಂದ ನಾಲ್ಕು ಅಂಕ. ಪದಬಳಕೆಯ ಸಾಲಿನಲ್ಲಿ "ಹೋಲಿಕೆಗಳನ್ನು ಬಳಸಿದ್ದಾನೆ" ಎಂಬ ಮಾತಿತ್ತು. ಹುಡುಗ ಚಾಲಾಕಿ. ಮುಂದಿನ ಬರಹದಿಂದ ಪ್ರತಿ ಪ್ಯಾರಾದಲ್ಲಿ ಎರಡು ಉಪಮೆಗಳು ಬಿದ್ದವು. ಚಂದ್ರನಂತಿರುವ ಸೈಕಲ್ ಗಂಟೆ, ಆನೆಯಂತಿರುವ ಪಂಪು. ನಾಲ್ಕಕ್ಕೆ ನಾಲ್ಕು ಅಂಕ ಬಂತು, ಬರಹ ಓದಲಾಗದಂತಾಯಿತು. ಪಟ್ಟಿಯನ್ನು ಗೋಡೆಯಿಂದ ತೆಗೆಸಿದೆವು. ಮೂರು ತಿಂಗಳಿಗೊಮ್ಮೆ ದೊಡ್ಡವರು ಬರಹ ಓದುವಾಗ ಗಮನ ಒಂದೇ ಕಡೆ ವಾಲದಂತೆ ನೋಡಿಕೊಳ್ಳಲು ಅದು ಈಗಲೂ ಕೆಲಸಕ್ಕೆ ಬರುತ್ತದೆ. ಮಗುವಿನ ಕೈಗೆ ಮಾತ್ರ ಅಂಕದ ಬದಲು ಒಂದೇ ಒಂದು ಸ್ಪಷ್ಟ ಗುರಿ: "ಈ ಸಲ ಓದುವವರು ಎಲ್ಲಿಯೂ 'ಯಾವುದು?' ಎಂದು ಕೇಳಬಾರದು."

ತಂದೆಯ ಸಲಹೆಯಂತೆ, ಹುಡುಗ ಹೇಳುವುದನ್ನು ಅವರು ಬರೆದುಕೊಳ್ಳುವ ಕ್ರಮವನ್ನೂ ನೋಡಿದೆವು. ಬರಹ ಒಮ್ಮೆಲೇ ಎರಡು ಪುಟಕ್ಕೆ ಬೆಳೆಯಿತು, ಮನೆಯಲ್ಲಿ ಸಂಭ್ರಮ. ಕೆಲವೇ ವಾರಗಳಲ್ಲಿ ಅಪ್ಪ ಕಚೇರಿಯಿಂದ ಬರುವವರೆಗೆ ಪೆನ್ಸಿಲ್ ಮುಟ್ಟುವುದಿಲ್ಲ ಎಂಬ ಹಟವೂ ಬೆಳೆಯಿತು. ಆಗ ಕ್ರಮವನ್ನು ಬದಲಿಸಿದೆವು: ಪೂರ್ತಿ ಬಾಯಲ್ಲಿ ಹೇಳುವುದು, ಹೇಳುತ್ತಾ ಚಿಕ್ಕ ಚೀಟಿಗಳಲ್ಲಿ ಒಂದೊಂದು ಪದವನ್ನು ಅವನೇ ಗುರುತು ಹಾಕಿಕೊಳ್ಳುವುದು, ಚೀಟಿಗಳನ್ನು ಮೇಜಿನ ಮೇಲೆ ಹಿಂದುಮುಂದು ಮಾಡಿ ಕ್ರಮಕ್ಕೆ ತರುವುದು, ನಂತರ ತಾನೇ ಬರೆಯುವುದು. ಚೀಟಿಗಳನ್ನು ಸರಿಸುವ ಹಂತದಲ್ಲಿ "ಇದು ಮೊದಲೇ ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ" ಎಂದು ಅವನೇ ಗೊಣಗಿದ್ದನ್ನು ತಂದೆ ನನಗೆ ಬರೆದು ತಿಳಿಸಿದ್ದರು. ಅವರು ಎಂದರೆ ಓದುಗರು.

ಆ ಓದುಗರಲ್ಲಿ ಮುಖ್ಯರಾದವರು ದೂರದಲ್ಲಿದ್ದ ಸೋದರಮಾವ. ಬರಹ ಅವರಿಗೆ ಹೋಗುತ್ತಿತ್ತು. ಅವರು ತಿದ್ದಬಾರದು, ಹೊಗಳಲೂಬಾರದು. ಓದು ನಿಂತಲ್ಲೆಲ್ಲ ಒಂದು ಪ್ರಶ್ನೆ ಚಿಹ್ನೆ ಹಾಕಿ ಹಿಂದಿರುಗಿಸಬೇಕು. ಮಾವ ಮೊದಲೆರಡು ಸಲ ಅಳಿಯನನ್ನು ಪುಟಗಟ್ಟಲೆ ಹೊಗಳಿದರು. ತಂಗಿ ಫೋನ್ ಮಾಡಿ ಗದರಿಸಿದ ಮೇಲೆ ದಾರಿಗೆ ಬಂದರು. ಪ್ರಶ್ನೆ ಚಿಹ್ನೆ ಇರುವಲ್ಲಿ ಏನು ಸೇರಿಸಬೇಕು ಎಂಬ ತೀರ್ಮಾನ ಹುಡುಗನದೇ. ಒಮ್ಮೊಮ್ಮೆ "ಮಾವನಿಗೆ ಇಷ್ಟೂ ಗೊತ್ತಿಲ್ಲವೇ?" ಎಂದು ಸೇರಿಸಲು ನಿರಾಕರಿಸುತ್ತಿದ್ದ. ಅದನ್ನೂ ಒಪ್ಪಿಕೊಂಡೆವು. ಓದುಗರಿಗೆ ಎಷ್ಟು ಗೊತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದಾನಲ್ಲ, ನಮಗೆ ಬೇಕಾದದ್ದು ಅದೇ.

ಫಲಿತಾಂಶ

ವರ್ಷದ ಕೊನೆಗೆ ಅಂಕ ಕೊಡುವ ಗೊಂದಲಕ್ಕೆ ಮತ್ತೆ ಬೀಳಲಿಲ್ಲ. ಒಂದು ಬರಹಕ್ಕೆ ಹತ್ತರಲ್ಲಿ ಎಷ್ಟು ಎಂದು ಹೇಳುವುದು ಕಷ್ಟ, ಎರಡನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ಹೇಳುವುದು ಸುಲಭ. ಮನಶ್ಶಾಸ್ತ್ರಜ್ಞ ಎಲ್.ಎಲ್. ಥರ್ಸ್ಟನ್ 1927ರಲ್ಲಿ ಇಂಥ ಜೋಡಿ ಹೋಲಿಕೆಗಳಿಂದ ಅಳತೆ ಪಡೆಯುವ ನಿಯಮವನ್ನು ಮಂಡಿಸಿದರು. ಇಂದು ಬರವಣಿಗೆಯ ಮೌಲ್ಯಮಾಪನದಲ್ಲಿಯೂ ಅದು ಬಳಕೆಯಲ್ಲಿದೆ. ನಾವು ಹಳೆಯ ಹಾಗೂ ಹೊಸ ಬರಹಗಳನ್ನು ಕಾಗುಣಿತ ಸರಿಪಡಿಸಿ ಟೈಪ್ ಮಾಡಿಸಿ, ದಿನಾಂಕ ತೆಗೆದು ಬೆರೆಸಿ, ಹುಡುಗನನ್ನು ಕಾಣದ ಮೂವರು ಓದುಗರಿಗೆ ಜೋಡಿ ಜೋಡಿಯಾಗಿ ಕೊಟ್ಟೆವು. ಕಾಗುಣಿತ ಸರಿಪಡಿಸಿದ್ದು ಉದ್ದೇಶಪೂರ್ವಕ. ಅದನ್ನು ಬೇರೆಯಾಗಿ ಎಣಿಸಬಹುದಿತ್ತು.

ವಿವರಣಾತ್ಮಕ ಬರಹಗಳಲ್ಲಿ ಮೂವರೂ ಬಹುಪಾಲು ಹೊಸದನ್ನೇ ಆರಿಸಿದರು. ಚೈನಿನ ಬಗ್ಗೆ ಮತ್ತೆ ಬರೆದ ಬರಹದ ಒಂದು ಭಾಗ ಹೀಗಿತ್ತು:

"ಚೈನು ಹಿಂದಿನ ಹಲ್ಲುಚಕ್ರದಲ್ಲಿ ಕೂತಿದೆಯೇ ಎಂದು ಮೊದಲು ನೋಡಿ. ಅದು ಕೂತ ಮೇಲೆ ಮುಂದಿನ ದೊಡ್ಡ ಚಕ್ರದ ಮೇಲುಗಡೆ ನಾಲ್ಕೈದು ಹಲ್ಲಿಗೆ ಮಾತ್ರ ಸಿಕ್ಕಿಸಿ. ಪೂರ್ತಿ ಎಳೆದು ಹಾಕಲು ಹೋದರೆ ಬರುವುದಿಲ್ಲ, ನಾನು ಎಷ್ಟೋ ಸಲ ನೋಡಿದ್ದೇನೆ. ಈಗ ಪೆಡಲನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಇನ್ನೊಂದು ಕೈ ಸೀಟಿನ ಮೇಲಿರಲಿ, ಚೈನಿನ ಹತ್ತಿರ ಬೇಡ."

ಸೀಟಿನ ಮೇಲೆ ಕೈ ಇಡುವ ಮಾತು ಮೊದಲಿನ ಧ್ವನಿಮುದ್ರಿಕೆಯಲ್ಲೂ ಇರಲಿಲ್ಲ. ಬರೆಯುತ್ತ ಕೂತಾಗ, ಓದುವವರ ಇನ್ನೊಂದು ಕೈ ಎಲ್ಲಿರುತ್ತದೆ ಎಂದು ಯೋಚಿಸಿ ಸೇರಿಸಿದ್ದಾನೆ.

ಅಭಿಪ್ರಾಯ ಮಂಡಿಸುವ ಬರಹಗಳಲ್ಲಿ ಸುಧಾರಣೆ ಸಾಧಾರಣ. ಕಥೆಗಳಲ್ಲಿ ಮಾತ್ರ ಓದುಗರಿಗೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಒಬ್ಬರಂತೂ ಹೆಚ್ಚಿನ ಜೋಡಿಗಳಲ್ಲಿ ಹಳೆಯ ಕಥೆಯನ್ನೇ ಮೆಚ್ಚಿದ್ದರು. ತಾಯಿಗೆ ಬೇಸರವಾಯಿತು. ನನಗೆ ಇದು ಉಪಯುಕ್ತ ಮಾಹಿತಿ ಎನಿಸಿತು, ಏಕೆಂದರೆ ವರ್ಷವಿಡೀ ನಾವು ಅಭ್ಯಾಸ ಮಾಡಿಸಿದ್ದು ಬಹುತೇಕ ವಿವರಣೆಯನ್ನೇ. ಅದರ ಫಲ ತಾನಾಗಿಯೇ ಕಥೆಗೆ ಹರಿದು ಹೋಗಲಿಲ್ಲ. "ಬರವಣಿಗೆ ಚೆನ್ನಾಗಿದೆ" ಎಂದು ಒಂದೇ ಮಾತಿನಲ್ಲಿ ಷರಾ ಬರೆದಿದ್ದರೆ ಈ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಒತ್ತಕ್ಷರದ ತಪ್ಪುಗಳು ಕೊನೆಯ ಪ್ರತಿಯಲ್ಲಿ ಬಹಳ ಕಡಿಮೆಯಾದವು, ಮೊದಲ ಕರಡಿನಲ್ಲಿ ಹೆಚ್ಚೇನೂ ಇಳಿಯಲಿಲ್ಲ. ತಪ್ಪನ್ನು ಹುಡುಕುವ ಕಣ್ಣು ಬಂದಿತ್ತು, ತಪ್ಪು ಮಾಡದ ಕೈ ಇನ್ನೂ ಬಂದಿರಲಿಲ್ಲ. ಮೂರು ನಿಮಿಷದ ಬರಹದಲ್ಲಿ ಅಕ್ಷರಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುಪೇರಾಗುತ್ತಿದ್ದರೂ ತಿಂಗಳುಗಳ ಲೆಕ್ಕದಲ್ಲಿ ಮೇಲಕ್ಕೇ ಹೋಯಿತು. ಒಂದು ವಾರದ ಅಂಕಿ ನೋಡಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಕೂಡದು ಎಂಬುದಕ್ಕೆ ಆ ನಕ್ಷೆಯೇ ಸಾಕ್ಷಿ. ಟೈಪಿಂಗ್ ಬಗ್ಗೆ ತಂದೆಯ ಮಾತೂ ಗೆದ್ದಿತು, ಅರ್ಧದಷ್ಟು. ಉದ್ದದ ಬರಹಗಳನ್ನು ಈಗ ಟೈಪ್ ಮಾಡುತ್ತಾನೆ. ಪರೀಕ್ಷೆಯಲ್ಲಿ ಬೇಕಾಗುವ ಉತ್ತರಗಳನ್ನು ಕೈಯಲ್ಲೇ ಬರೆಯುತ್ತಾನೆ.

ಇದೇ ಸ್ಥಿತಿಯಲ್ಲಿರುವ ಇತರ ಮನೆಗಳಿಗೆ

ಇಲ್ಲಿ ಬಳಸಿದ ಚೀಟಿ, ಪ್ರಶ್ನೆ ಚಿಹ್ನೆಗಳು ಎಲ್ಲ ಮಕ್ಕಳಿಗೂ ಹೊಂದಬೇಕೆಂದಿಲ್ಲ. ಬಾಯಲ್ಲಿ ಹೇಳಿಸಿ, ಅದನ್ನೇ ಬರೆಸಿ, 'ಎರಡರ ನಡುವೆ ಏನು ಕಳೆದುಹೋಯಿತು' ಎಂದು ನೋಡುವ ಪರೀಕ್ಷೆಯನ್ನು ಮಾತ್ರ ಯಾವ ಮನೆಯಲ್ಲಾದರೂ ಅರ್ಧ ದಿನದಲ್ಲಿ ಮಾಡಬಹುದು. ಹೇಳುವಾಗಲೂ ವಿಷಯ ತೆಳುವಾಗಿದ್ದರೆ ಓದು, ಮಾತು, ಅನುಭವದ ಕಡೆ ಹೋಗಬೇಕು. ಹೇಳುವಾಗ ತುಂಬಿದ್ದು ಬರೆಯುವಾಗ ಸೋರಿದರೆ, ಅದು ಕೈಯಿಂದ ಸೋರಿತೇ ಓದುಗರಿಲ್ಲದೆ ಸೋರಿತೇ ಎಂದು ನಕಲು ಪರೀಕ್ಷೆ ಹೇಳುತ್ತದೆ. ನಕಲಿನಲ್ಲೂ ಕೈ ತೀರಾ ಸೋತು, ನೋವು ಅಥವಾ ಅಕ್ಷರ ರೂಪದ ಗೊಂದಲ ಕಂಡರೆ ಮನೆಮದ್ದು ಮಾಡುತ್ತ ಕೂರದೆ ತಜ್ಞರ ಬಳಿಗೆ ಹೋಗಬೇಕು.

ಪೋಷಕರು ಬಿಡಬೇಕಾದ್ದು ಓದುಗನ ಪಾತ್ರವನ್ನು, ಶಿಕ್ಷಕನ ಪಾತ್ರವನ್ನಲ್ಲ. ಈ ತಾಯಿ ಮಗನಿಗೆ ಮೊದಲಿಗಿಂತ ಹೆಚ್ಚು ಪಾಠವನ್ನೇ ಹೇಳಿಕೊಡುತ್ತಿದ್ದಾರೆ. ಬರಹ ಅರ್ಥವಾಯಿತೇ ಎಂಬ ತೀರ್ಪನ್ನು ಮಾತ್ರ ಹೊರಗಿನವರಿಗೆ ಬಿಟ್ಟಿದ್ದಾರೆ. ಹೊರಗಿನವರು ಭಾಷಾ ಪಂಡಿತರೇ ಆಗಿರಬೇಕಾಗಿಲ್ಲ, ಆ ವಿಷಯ ಗೊತ್ತಿಲ್ಲದವರಾದರೆ ಸಾಕು.

ಕಥೆಯ ವಿಷಯದಲ್ಲಿ ಪ್ರಶ್ನೆ ಚಿಹ್ನೆಯ ಉಪಾಯ ಕೈಕೊಟ್ಟಿತು. ಕಥೆಯಲ್ಲಿ ಓದುಗ ಅಲ್ಲಲ್ಲಿ ನಿಂತು "ಇದೇನು?" ಎಂದುಕೊಳ್ಳಬೇಕೆಂದೇ ಕಥೆಗಾರ ಬಯಸುತ್ತಾನೆ, ಮಾವ ಚಿಹ್ನೆ ಹಾಕಿದಲ್ಲೆಲ್ಲ ಹುಡುಗ ಗುಟ್ಟು ಬಿಟ್ಟುಕೊಟ್ಟು ಕಥೆಯ ಸ್ವಾರಸ್ಯ ಕೆಡಿಸಿಕೊಂಡಿದ್ದ. ಓದುಗರೊಬ್ಬರು ಹಳೆಯ ಕಥೆಗಳನ್ನೇ ಮೆಚ್ಚಿದ್ದಕ್ಕೆ ಇದೂ ಕಾರಣವಿರಬೇಕು. ಈಗ ಕ್ರಮ ಬದಲಾಗಿದೆ. ಮಾವ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೆ ಏನಾಗಬಹುದು ಎಂಬ ತಮ್ಮ ಊಹೆಯನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸುತ್ತಾರೆ. ಊಹೆ ಸರಿಯಾದರೆ ಹುಡುಗ ಉಳಿದ ಭಾಗವನ್ನು ಬದಲಿಸುತ್ತಾನೆ.